ನದಿ ಬಯಲಿನ ಕಾಡಿಗೆ 15 ವರ್ಷದ ಯೋಜನೆ ಬರೆದದ್ದು ಹೀಗೆ

ಮಿಸಿಸಿಪ್ಪಿ ನದಿಯ ಕೆಳಬಯಲಿನಲ್ಲಿ ಕಾಡು ಹುಡುಕಿಕೊಂಡು ಹೋದರೆ ಬೆಟ್ಟ, ಘಟ್ಟ ಯಾವುದೂ ಸಿಗುವುದಿಲ್ಲ. ಎಲ್ಲ ಸಪಾಟು ನೆಲ. ಚಳಿಗಾಲ ಮುಗಿಯುವ ಹೊತ್ತಿಗೆ ನದಿ ಉಕ್ಕಿ ಕಾಡಿನೊಳಗೆ ನುಗ್ಗುತ್ತದೆ, ವಾರಗಟ್ಟಲೆ ನಿಲ್ಲುತ್ತದೆ. ಆಗಸ್ಟಿನಲ್ಲಿ ಅದೇ ಜೇಡಿ ನೆಲ ಕೈ ತೂರುವಷ್ಟು ಬಿರುಕು ಬಿಟ್ಟಿರುತ್ತದೆ. ಲೂಸಿಯಾನಾ ರಾಜ್ಯದಲ್ಲಿ ಇಂಥ ಕಾಡಿರುವ ಒಂದು ವನ್ಯಜೀವಿ ರೆಫ್ಯೂಜಿಗೆ (ನಮ್ಮ ವನ್ಯಧಾಮದಂಥದ್ದು) 15 ವರ್ಷದ ಸಂರಕ್ಷಣಾ ಯೋಜನೆ ಬರೆಯುವ ತಂಡದಲ್ಲಿ ನಾನು ಕೆಲಸ ಮಾಡಿದ್ದೇನೆ. ಓದಿದ್ದು ಶಿರಸಿಯಲ್ಲಿ, ಅರಣ್ಯಶಾಸ್ತ್ರ. ಇಲ್ಲಿ ನನ್ನ ಪಾಲಿಗೆ ಬಂದದ್ದು ನಕ್ಷೆ ಮತ್ತು ಮರಗಳ ಅಳತೆ. ಊರಲ್ಲಿ ಅರಣ್ಯ ಇಲಾಖೆಯಲ್ಲಿರುವ ಗೆಳೆಯರು "ಅಲ್ಲಿ ಹೇಗೆ ಮಾಡ್ತೀರಿ ಹೇಳು ಮಾರಾಯಾ" ಅಂತ ಕೇಳುತ್ತಲೇ ಇರುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಕಾನೂನಿನ ಭಾಗ ಬೇಗ ಹೇಳಿಬಿಡುತ್ತೇನೆ. 1997ರಲ್ಲಿ ಅಮೆರಿಕದ ಸಂಸತ್ತು ರೆಫ್ಯೂಜ್ ವ್ಯವಸ್ಥೆಯ ಸುಧಾರಣಾ ಕಾಯ್ದೆ ಮಾಡಿತು. ಪ್ರತಿ ರೆಫ್ಯೂಜಿಗೂ ಒಂದು ಸಮಗ್ರ ಯೋಜನೆ ಇರಬೇಕು, ಹೆಚ್ಚೆಂದರೆ 15 ವರ್ಷಕ್ಕೊಮ್ಮೆ ಅದನ್ನು ಪರಿಷ್ಕರಿಸಬೇಕು, ಬರೆಯುವಾಗ ಸುತ್ತಲಿನ ಜನರನ್ನು ಕೇಳಬೇಕು. ನಮ್ಮಲ್ಲಿ ಅರಣ್ಯ ಇಲಾಖೆ ಕಾಡಿನ ನಿರ್ವಹಣೆಗೆ ಬರೆಯುವ ವರ್ಕಿಂಗ್ ಪ್ಲ್ಯಾನ್ ಸಾಮಾನ್ಯವಾಗಿ 10 ವರ್ಷದ್ದು, ಅಲ್ವಾ? ಕಟ್ಟು ಹೆಚ್ಚುಕಮ್ಮಿ ಒಂದೇ. ವ್ಯತ್ಯಾಸ ಇರುವುದು ಮರ ಮಾರುವ ಲೆಕ್ಕ ಇಲ್ಲಿ ಗುರಿಯಾಗುವುದಿಲ್ಲ ಎಂಬಲ್ಲಿ. ಮೊದಲು ಪ್ರಾಣಿ ಪಕ್ಷಿ, ಉಳಿದದ್ದೆಲ್ಲ ಆಮೇಲೆ.

ಈ ಕಾಡಿನ ಕಥೆ ಗೊತ್ತಿಲ್ಲದೆ ಯೋಜನೆ ಅರ್ಥವಾಗುವುದಿಲ್ಲ. ಒಂದು ಕಾಲಕ್ಕೆ ಮಿಸಿಸಿಪ್ಪಿಯ ಈ ಬಯಲಲ್ಲಿ ಸುಮಾರು 2.4 ಕೋಟಿ ಎಕರೆ ಕಾಡಿತ್ತು. ಈಗ ಉಳಿದಿರುವುದು ಹೆಚ್ಚುಕಮ್ಮಿ ಕಾಲು ಭಾಗ. 1927ರ ಮಹಾ ನೆರೆಯ ನಂತರ ಸರ್ಕಾರ ನದಿಗುಂಟ ದೊಡ್ಡ ಏರಿಗಳನ್ನು ಕಟ್ಟಿತು. ನೀರು ಬಾರದ ನೆಲ ಹೊಲವಾಯಿತು. 1960, 70ರ ದಶಕದಲ್ಲಿ ಸೋಯಾಬೀನಿಗೆ ಒಳ್ಳೆ ಬೆಲೆ ಬಂದಾಗ ತಗ್ಗಿನ ಕಾಡೂ ಹೋಯಿತು.

ಇಲ್ಲಿನ ಟೆನ್ಸಾಸ್ ನದಿಯ ಪಕ್ಕ 80,000 ಎಕರೆಯಷ್ಟು ಹಳೆಯ ಕಾಡೊಂದಿತ್ತು. ಅದರ ಒಡೆತನ ಸಿಂಗರ್ ಕಂಪನಿಯದು. ಹೌದು, ನಮ್ಮ ಅಜ್ಜಿಯರ ಮನೆಯಲ್ಲಿದ್ದ ಕಪ್ಪು ಹೊಲಿಗೆ ಯಂತ್ರದ ಸಿಂಗರ್. ದಂತದ ಬಣ್ಣದ ಕೊಕ್ಕಿನ ದೊಡ್ಡ ಮರಕುಟಿಗ ಕೊನೆಕೊನೆಗೆ ಉಳಿದಿದ್ದು ಆ ಕಾಡಿನಲ್ಲಿ. ಜೇಮ್ಸ್ ಟ್ಯಾನರ್ ಎಂಬ ಯುವ ವಿಜ್ಞಾನಿ 1937ರಿಂದ 39ರವರೆಗೆ ಅದರ ಅಧ್ಯಯನ ಮಾಡಿದರು. ಮರ ಕಡಿಯುವ ಹಕ್ಕು ಅಷ್ಟರಲ್ಲಿ ಬೇರೆ ಕಂಪನಿಗೆ ಹೋಗಿತ್ತು. 1944ರಲ್ಲಿ ಒಂದೇ ಒಂದು ಹೆಣ್ಣು ಹಕ್ಕಿ ಕಂಡಿತ್ತು. ಎಲ್ಲರೂ ಒಪ್ಪುವ ಕೊನೆಯ ದಾಖಲೆ ಅದು. ಅಲ್ಲಿ ಟೆನ್ಸಾಸ್ ನದಿ ರೆಫ್ಯೂಜ್ ಆದದ್ದು 1980ರಲ್ಲಿ. ನನಗೆ ಈ ವಿಷಯ ಓದಿದಾಗೆಲ್ಲ ಸಂಕಟವಾಗುತ್ತದೆ. ಆ ಹಕ್ಕಿಗೆ ಏನು ಬೇಕು ಅಂತ ಒಬ್ಬರು ಮರಮರ ಎಣಿಸಿ ಬರೆದಿಟ್ಟಿದ್ದರು. ಜ್ಞಾನಕ್ಕೆ ಕೊರತೆ ಇರಲಿಲ್ಲ.

ಈಗ ಕೆಲಸಕ್ಕೆ ಬರುತ್ತೇನೆ. ನಾವು ಶುರು ಮಾಡಿದ್ದು ನೀರಿನಿಂದ. ಮರದ ಪಟ್ಟಿ ಆಮೇಲೆ ಬಂತು.

ಈ ಬಯಲಿನಲ್ಲಿ ಎರಡು ಅಡಿ ಎತ್ತರ ಅಂದರೆ ದೊಡ್ಡ ವಿಷಯ. ನದಿ ಹಿಂದೆ ಹರಿದು ಬಿಟ್ಟುಹೋದ ಜಾಗಗಳಲ್ಲಿ ಉದ್ದುದ್ದ ದಿಬ್ಬ, ಅದರ ಪಕ್ಕ ತಗ್ಗು, ಮತ್ತೆ ದಿಬ್ಬ. ನಡೆಯುವಾಗ ಗೊತ್ತೇ ಆಗುವುದಿಲ್ಲ, ಅಷ್ಟು ಸಣ್ಣ ಏರಿಳಿತ. ಆದರೆ ಮರಗಳಿಗೆ ಗೊತ್ತು. ವರ್ಷದ ಬಹುಕಾಲ ನೀರಿರುವ ಕಡೆ ಸೈಪ್ರೆಸ್ ಮತ್ತು ಟುಪೆಲೊ. ಸ್ವಲ್ಪ ಮೇಲೆ ಓವರ್‌ಕಪ್ ಓಕ್. ಅದರ ಮೇಲೆ ನಟ್ಟಾಲ್ ಓಕ್, ವಿಲೊ ಓಕ್. ನೀರು ಅಪರೂಪಕ್ಕೆ ತಾಗುವ ದಿಬ್ಬದ ತಲೆಯಲ್ಲಿ ಚೆರಿಬಾರ್ಕ್ ಓಕ್. ಓಕ್ ಮರ ಚಳಿಗಾಲದ ನೀರನ್ನು ತಡೆದುಕೊಳ್ಳುತ್ತದೆ, ಆಗ ಅದು ಮಲಗಿರುತ್ತದೆ. ಚಿಗುರಿದ ಮೇಲೂ ನೀರು ನಿಂತರೆ ಬೇರಿಗೆ ಉಸಿರಿಲ್ಲ. ಹೀಗೆ ಹಲವು ವರ್ಷ ಆದರೆ ನಟ್ಟಾಲ್, ವಿಲೊದಂಥ ಕೆಂಪು ಓಕ್ ಗುಂಪಿನ ಮರಗಳು ಒಣಗಿ, ನೀರು ಸಹಿಸುವ ಮರಗಳು ಆ ಜಾಗ ಹಿಡಿಯುತ್ತವೆ. ಬಾತುಕೋಳಿಗೆ ಅಂತ ಪ್ರತಿವರ್ಷ ಬೇಗ ನೀರು ನಿಲ್ಲಿಸಿ ತಡವಾಗಿ ಬಿಟ್ಟ ಕಾಡುಗಳಲ್ಲಿ ಇದೇ ಆಗಿದೆ. ಬಾತುಕೋಳಿ ತಿನ್ನುವುದು ವಿಲೊ ಓಕ್, ನಟ್ಟಾಲ್ ಓಕ್‌ಗಳ ಕಾಯಿಯನ್ನು. ಅದಕ್ಕಾಗಿಯೇ ನಿಲ್ಲಿಸಿದ ನೀರು ಅದರ ಊಟವನ್ನೇ ಕೊಂದಿತು.

ಹಾಗಾಗಿ ನಾನು ಮಾಡಿದ ಮೊದಲ ನಕ್ಷೆ ಮರದ್ದಲ್ಲ. ಯಾವ ಜಾಗದಲ್ಲಿ ಯಾವ ತಿಂಗಳು ನೀರಿರುತ್ತದೆ ಎಂಬುದರದ್ದು. ನದಿಯ ಮಟ್ಟ ಅಳೆಯುವ ಗೇಜಿನ ಹಳೆಯ ದಾಖಲೆ ತೆಗೆದುಕೊಂಡೆ. ಅದೇ ದಿನಗಳ ಲ್ಯಾಂಡ್‌ಸ್ಯಾಟ್ ಉಪಗ್ರಹದ ಚಿತ್ರಗಳನ್ನು ಜೋಡಿಸಿದೆ. ಗೇಜು ಇಷ್ಟಿದ್ದಾಗ ನೀರು ಎಲ್ಲಿಯವರೆಗೆ ಬರುತ್ತದೆ ಅಂತ ಒಂದೊಂದೇ ಗೆರೆ ಎಳೆದೆ. ಲೈಡಾರ್‌ನ, ಅಂದರೆ ವಿಮಾನದಿಂದ ಲೇಸರ್ ಬಿಟ್ಟು ನೆಲದ ಏರಿಳಿತ ಅಳೆದ, ಎತ್ತರದ ನಕ್ಷೆ ಅದರ ಕೆಳಗೆ. ಮರಗಳಲ್ಲಿ ಎಲೆ ತುಂಬಿರುವ ಕಾಲದ ಉಪಗ್ರಹ ಚಿತ್ರದಲ್ಲಿ ಮರದಡಿಯ ನೀರು ಕಾಣುವುದಿಲ್ಲ. ಅದಕ್ಕೆ ಕಾಡಿಗೇ ಹೋಗಬೇಕು. ಕಾಂಡದ ಮೇಲೆ ನೆರೆ ಬಿಟ್ಟುಹೋದ ಕೆಸರಿನ ಗೆರೆ ಇರುತ್ತದೆ, ಬಳಿದ ಸುಣ್ಣ ಒಣಗಿದ ಹಾಗೆ. ಅದರ ಮೇಲೆ ಪಾಚಿ ಶುರುವಾಗುವ ಇನ್ನೊಂದು ಗೆರೆ. ನೆಲದಿಂದ ಎರಡನ್ನೂ ಅಳೆದು ಬರೆದುಕೊಂಡರೆ ನಕ್ಷೆ ಸರಿಯಿದೆಯೋ ಇಲ್ಲವೋ ತಿಳಿಯುತ್ತದೆ. ಈ ಕೆಲಸಕ್ಕೆ ಜಾಸ್ತಿ ಸಮಯ ಕೊಡಿ ಅಂತ ಹೇಳುತ್ತೇನೆ. ಎಲ್ಲಿ ಏನು ನೆಡಬೇಕು, ಯಾವ ಹಳೆಯ ಕಾಲುವೆ ಮುಚ್ಚಬೇಕು, ಯಾವ ದಾರಿ ನೆರೆಯ ಕಾಲದಲ್ಲಿ ಬಂದ್ ಆಗಬೇಕು, ಎಲ್ಲ ಪ್ರಶ್ನೆಗೂ ಉತ್ತರ ಬಂದದ್ದು ಆ ಒಂದು ನಕ್ಷೆಯಿಂದ.

ಎರಡನೆಯದು ಬೆಳಕು. ಹೊರಗಿನಿಂದ ನೋಡಿದರೆ ನಮ್ಮ ರೆಫ್ಯೂಜ್ ದಟ್ಟ ಹಸಿರು. ಒಳಗೆ ಹೋದರೆ ನೆಲ ಬರಿದು. ಒಂದೇ ವಯಸ್ಸಿನ ಮರಗಳು ಒತ್ತೊತ್ತಾಗಿ ನಿಂತಿದ್ದವು, ಕೆಳಗೆ ಓಕ್ ಸಸಿ ಇಲ್ಲ, ಬಿದಿರಿನ ಜಾತಿಯ ಕೇನ್ ಇಲ್ಲ, ಬಳ್ಳಿ ಇಲ್ಲ. ಆ ಕೇನ್ ಪೊದೆಗಳಲ್ಲಿ ಗೂಡು ಕಟ್ಟುವ ಸ್ವೇನ್ಸನ್ಸ್ ವಾರ್ಬ್ಲರ್ ಎಂಬ ಸಣ್ಣ ಹಕ್ಕಿಗೆ ಅಲ್ಲೇನೂ ಕೆಲಸವಿಲ್ಲ. ಕರಡಿಗೂ ಅಷ್ಟೇ. ಲೂಸಿಯಾನಾದ ಕಪ್ಪು ಕರಡಿಯನ್ನು 1992ರಲ್ಲಿ ಅಪಾಯದ ಪಟ್ಟಿಗೆ ಸೇರಿಸಿದ್ದರು, ಚೇತರಿಸಿಕೊಂಡ ಮೇಲೆ 2016ರಲ್ಲಿ ತೆಗೆದರು. ಅದಕ್ಕೆ ತಿನ್ನಲು ಹಣ್ಣು, ಓಕ್ ಕಾಯಿ, ಅಡಗಲು ಪೊದೆ, ಮರಿ ಹಾಕಲು ಟೊಳ್ಳಾದ ದೊಡ್ಡ ಸೈಪ್ರೆಸ್ ಮರ ಬೇಕು.

ಈ ಬಯಲಿನ ಅರಣ್ಯ ಮತ್ತು ಪಕ್ಷಿ ತಜ್ಞರು ಸೇರಿ 2007ರಲ್ಲಿ ಒಂದು ಗುರಿ ಬರೆದಿಟ್ಟಿದ್ದಾರೆ. ಮೇಲ್ಚಪ್ಪರ ನೂರಕ್ಕೆ 60ರಿಂದ 70ರಷ್ಟು ಮುಚ್ಚಿರಬೇಕು, ಎಕರೆಗೆ 60ರಿಂದ 70 ಚದರಡಿ ಬೇಸಲ್ ಏರಿಯಾ ಇರಬೇಕು. ಬೇಸಲ್ ಏರಿಯಾ ಅಂದರೆ ಒಂದು ಎಕರೆಯ ಕಾಂಡಗಳನ್ನೆಲ್ಲ ಎದೆಮಟ್ಟದಲ್ಲಿ ಅಡ್ಡ ಕೊಯ್ದರೆ ಕಾಣುವ ಮುಖಗಳ ಒಟ್ಟು ವಿಸ್ತೀರ್ಣ. ಕೊಯ್ಯುವುದೇನೂ ಬೇಡ, ಅಳೆಯಲು ಪ್ರಿಸಂ ಇದೆ. ಎರಡು ಬೆರಳಗಲದ ಗಾಜಿನ ತುಂಡು, ಒಂದು ಅಂಚು ದಪ್ಪ, ಇನ್ನೊಂದು ತೆಳು. ಅಳತೆಗೆ ಗುರುತಿಸಿದ ಬಿಂದುವಿನ ಮೇಲೆ ಅದನ್ನು ಹಿಡಿದು ಮರವನ್ನು ನೋಡಿದರೆ, ಗಾಜಿನೊಳಗಿನ ಕಾಂಡದ ತುಂಡು ಪಕ್ಕಕ್ಕೆ ಸರಿದಂತೆ ಕಾಣುತ್ತದೆ. ಸರಿದ ತುಂಡು ಅಸಲು ಕಾಂಡಕ್ಕೆ ಇನ್ನೂ ಅಂಟಿಕೊಂಡಿದ್ದರೆ ಆ ಮರವನ್ನು ಎಣಿಸಿ. ಪೂರ್ತಿ ಬೇರೆಯಾಗಿ ಕಂಡರೆ ಬಿಡಿ. ಹೀಗೆ ಒಂದು ಸುತ್ತು ತಿರುಗಬೇಕು. 10 ಫ್ಯಾಕ್ಟರಿನ ಪ್ರಿಸಂ ಆದರೆ ಎಣಿಸಿದ ಒಂದೊಂದು ಮರಕ್ಕೂ ಎಕರೆಗೆ 10 ಚದರಡಿ. ಏಳು ಮರ ಸಿಕ್ಕಿದರೆ 70, ನಮಗೆ ಬೇಕಾದದ್ದು ಅದು. ನಮ್ಮ ಒತ್ತಾದ ಬ್ಲಾಕುಗಳಲ್ಲಿ ಎಣಿಕೆ ಹನ್ನೆರಡು ದಾಟುತ್ತಿತ್ತು.

ಅಂದರೆ ಮರ ಕಡಿಯಬೇಕು. ವನ್ಯಧಾಮದಲ್ಲಿ! ಇದನ್ನು ಜನರ ಮುಂದೆ ಹೇಳುವುದು ಸುಲಭವಿರಲಿಲ್ಲ. ಊರಿನ ಶಾಲೆಯ ಊಟದ ಹಾಲಿನಲ್ಲಿ ಸಭೆ ಸೇರಿದ್ದೆವು. ತಲೆಮಾರುಗಳಿಂದ ಅಲ್ಲಿ ಜಿಂಕೆ ಬೇಟೆಯಾಡುವ ಮನೆತನದ ಹಿರಿಯರೊಬ್ಬರು ಎದ್ದು ನಿಂತು, "ನೀವು ಕಾಡು ಉಳಿಸೋಕೆ ಬಂದವರಾ, ಮಾರೋಕೆ ಬಂದವರಾ?" ಅಂತ ಕೇಳಿದರು. ಸಭೆಯಲ್ಲಿ ಚಾರ್ಟು ತೋರಿಸಿ ಪ್ರಯೋಜನವಿಲ್ಲ ಅನ್ನಿಸಿತು. ಆಸಕ್ತರನ್ನು ಕಾಡಿಗೇ ಕರೆದುಕೊಂಡು ಹೋದೆವು. ಮೊದಲು ಒತ್ತಾದ ಬ್ಲಾಕು, ಆಮೇಲೆ ಕೆಲವು ವರ್ಷದ ಹಿಂದೆ ಮರ ತೆಳುವಾಗಿಸಿದ ಬ್ಲಾಕು. ಎರಡನೆಯದರಲ್ಲಿ ಮೊಣಕಾಲೆತ್ತರದ ನಟ್ಟಾಲ್ ಓಕ್ ಸಸಿಗಳನ್ನು ಆ ಹಿರಿಯರೇ ಬಗ್ಗಿ ಗುರುತಿಸಿದರು. ಅಲ್ಲೇ ನಿಂತು ಅವರು ಕೇಳಿದ ಪ್ರಶ್ನೆ ಯೋಜನೆಗೆ ಸೇರಿತು: ಟೊಳ್ಳು ಮರಗಳ ಗತಿ ಏನು? ಮರ ಗುರುತು ಹಾಕುವಾಗ ಮೊದಲು ಉಳಿಸುವ ಮರಗಳಿಗೆ ಬಣ್ಣ ಬಳಿಯಬೇಕು, ಟೊಳ್ಳಿನವು, ದೊಡ್ಡ ಸೈಪ್ರೆಸ್, ಒಣಗಿ ನಿಂತವು ಎಲ್ಲ ಆ ಪಟ್ಟಿಯಲ್ಲಿ ಇರಬೇಕು ಅಂತ ಬರೆದೆವು.

ಕಾನೂನಿನ ಪ್ರಕಾರ "ಈಗಿದ್ದ ಹಾಗೇ ಇರಲಿ" ಎಂಬುದೂ ಒಂದು ಆಯ್ಕೆಯಾಗಿ ಯೋಜನೆಯಲ್ಲಿ ಇರಲೇಬೇಕು. ಅದರ ಮೇಲೆ ಕೂತು ಯೋಚಿಸಿದ್ದು ನನಗೆ ತುಂಬಾ ಉಪಯೋಗಕ್ಕೆ ಬಂತು. ಸುಮ್ನೆ ಬಿಟ್ಟರೂ ಕಾಡು ಬದಲಾಗುತ್ತದೆ, ನೆರಳಲ್ಲಿ ಬೆಳೆಯುವ ಶುಗರ್‌ಬೆರಿ, ಬಾಕ್ಸ್‌ಎಲ್ಡರ್ ಮೇಲೆ ಬರುತ್ತವೆ, ಓಕ್ ಹೋಗುತ್ತದೆ. ಅದನ್ನು ಪಕ್ಕಪಕ್ಕದ ಕಾಲಮ್ಮಿನಲ್ಲಿ ಬರೆದಾಗ ಚರ್ಚೆಯ ದಾರಿಯೇ ಬೇರೆಯಾಯಿತು.

ಪಕ್ಕದ ರೈತರ ಚಿಂತೆ ಬೇರೆ. ನಾವು ಹಳೆಯ ಬಸಿಗಾಲುವೆ ಮುಚ್ಚಿದರೆ ಅವರ ಹೊಲದಲ್ಲಿ ನೀರು ನಿಲ್ಲುತ್ತದೆಯೇ ಎಂಬುದು. ನ್ಯಾಯವಾದ ಭಯ. ಕಾಲುವೆ ಮುಚ್ಚಿದರೆ ನೀರು ಖಾಸಗಿ ಹೊಲದ ಕಡೆಗೆ ಹಿಂದಕ್ಕೆ ಒತ್ತಿ ನಿಲ್ಲುವ ಜಾಗಗಳನ್ನೆಲ್ಲ ಎತ್ತರದ ನಕ್ಷೆ ನೋಡಿ ಪಟ್ಟಿಯಿಂದ ಕೈಬಿಟ್ಟೆವು.

ಜಮೀನು ಸೇರಿಸುವ ವಿಷಯದಲ್ಲಿ ನಾವು ಇಟ್ಟುಕೊಂಡ ನಿಯಮ ಎರಡು. ಮಾರಲು ತಾವಾಗಿ ಮುಂದೆ ಬಂದವರಿಂದ ಮಾತ್ರ ಕೊಳ್ಳುವುದು. ಹರಿದುಹೋದ ಕಾಡಿನ ತುಂಡುಗಳನ್ನು ಬೆಸೆಯುವ ಜಾಗಕ್ಕೆ ಮೊದಲ ಆದ್ಯತೆ. ತುಂಡು ಕಾಡಿನ ಅಂಚಿಗೆ ಹೊಲಗಳಿಂದ ಕೌಬರ್ಡ್ ಹಕ್ಕಿ ಬರುತ್ತದೆ, ನಮ್ಮ ಕೋಗಿಲೆಯಂತೆ ಇದೂ ಬೇರೆಯವರ ಗೂಡಿನಲ್ಲಿ ಮೊಟ್ಟೆ ಇಡುತ್ತದೆ. ಅದಕ್ಕಾಗಿ ಈ ಬಯಲಿನ ಪಕ್ಷಿ ಯೋಜನೆಗಳಲ್ಲಿ 10,000, 20,000, 1,00,000 ಎಕರೆಯ ಕಾಡಿನ ತುಂಡುಗಳನ್ನು ಗುರಿಯಾಗಿ ಇಟ್ಟುಕೊಳ್ಳುತ್ತಾರೆ. ಕೊಂಡ ಹೊಲದಲ್ಲಿ 12 ಅಡಿಗೆ ಒಂದರಂತೆ ಸಸಿ ನೆಟ್ಟರೆ ಎಕರೆಗೆ 302 ಸಸಿ. ಯಾವ ಜಾತಿ ಅಂತ ನೀರಿನ ನಕ್ಷೆ ಹೇಳುತ್ತದೆ. ಆ್ಯಶ್ ಮರ ಮಾತ್ರ ನೆಡಬಾರದು ಅಂತ ನಿರ್ಧರಿಸಿದೆವು. ಆ್ಯಶ್ ಕೊರೆಯುವ ಪಚ್ಚೆ ಬಣ್ಣದ ಜೀರುಂಡೆ 2015ರಲ್ಲಿ ಲೂಸಿಯಾನಾಕ್ಕೂ ಕಾಲಿಟ್ಟಿತ್ತು. ಇರುವ ಆ್ಯಶ್ ಸತ್ತರೆ ಎಲ್ಲೆಲ್ಲಿ ಖಾಲಿ ಬೀಳುತ್ತದೆ ಎಂಬ ನಕ್ಷೆಯನ್ನೂ ಮಾಡಿಟ್ಟೆವು.

ಬರವಣಿಗೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಕರಡಿನಲ್ಲಿ "ಕಾಡಿನ ಗುಣಮಟ್ಟ ಸುಧಾರಿಸುವುದು" ಎಂಬಂಥ ಸಾಲು ಎಲ್ಲಿ ಕಂಡರೂ ಹೊಡೆದುಹಾಕಿದೆವು. ಓಕ್ ಮರ ದೊಡ್ಡದಾಗಲು ನೂರು ವರ್ಷ ಬೇಕು. 15 ವರ್ಷದೊಳಗೆ ಮ್ಯಾನೇಜರು, ಜೀವಶಾಸ್ತ್ರಜ್ಞರು ಹಲವು ಸಲ ಬದಲಾಗುತ್ತಾರೆ. ಆರನೆಯ ವರ್ಷ ಬಂದ ಹೊಸಬರಿಗೆ ನಮ್ಮ ಮನಸ್ಸಿನಲ್ಲಿದ್ದದ್ದು ಗೊತ್ತಾಗುವುದು ಹೇಗೆ? ಆದ್ದರಿಂದ ಪ್ರತಿ ಗುರಿಗೂ ಜಾಗ, ಅಳತೆ, ವರ್ಷ, ಕಾರಣ, ನಾಲ್ಕೂ ಇರಬೇಕು. ಉದಾಹರಣೆಗೆ: ಇಂಥ ಬ್ಲಾಕಿನ ದಿಬ್ಬಗಳಲ್ಲಿ ಹತ್ತನೆಯ ವರ್ಷದೊಳಗೆ ಬೇಸಲ್ ಏರಿಯಾ ಇಳಿದು 60-70 ಚದರಡಿಯೊಳಗೆ ಬರಬೇಕು, ಯಾಕೆಂದರೆ ಕೆಳಗೆ ಓಕ್ ಸಸಿ ಮತ್ತು ಕೇನ್ ಬರಬೇಕು. ಅದರ ಪಕ್ಕದಲ್ಲೇ ಯಾವಾಗ ನಿಲ್ಲಿಸಬೇಕು ಎಂಬುದೂ ಇರಬೇಕು. ಮರ ತೆಳುವಾಗಿಸಿದ ಐದು ವರ್ಷಕ್ಕೂ ಸಸಿ ಬಾರದಿದ್ದರೆ ಮುಂದಿನ ಬ್ಲಾಕಿಗೆ ಕೈ ಹಾಕುವ ಮೊದಲು ಕಾರಣ ಹುಡುಕಬೇಕು: ಜಿಂಕೆ ಮೇಯ್ದಿತೇ, ಕಾಡುಹಂದಿ ಕಾಯಿ ತಿಂದಿತೇ, ಬೇಸಿಗೆಯಲ್ಲಿ ನೀರು ನಿಂತಿತೇ.

ಈ ತಪಾಸಣೆಯ ಪುಟವನ್ನು ಕೊನೆಗೆ ಬಿಟ್ಟುಕೊಳ್ಳಬೇಡಿ. ದುಡ್ಡು ಕಡಿಮೆಯಾದಾಗ ಮೊದಲು ಕತ್ತರಿ ಬೀಳುವುದು ಅದಕ್ಕೇ. ಎಲ್ಲ ಆಗದಿದ್ದರೆ ಯಾವುದನ್ನು ಬಿಡಬಹುದು ಅಂತ ಮೊದಲೇ ಕ್ರಮ ಹಾಕಿಟ್ಟೆವು. ನೀರಿನ ಗೇಜು ಓದುವುದು, ಸಸಿ ಎಣಿಕೆ, ಹಕ್ಕಿ ಎಣಿಕೆ, ಈ ಮೂರನ್ನು ಬಿಡುವ ಹಾಗಿಲ್ಲ. ಮರ ಅಳೆದ ಪ್ರತಿ ಬಿಂದುವಿನ ಜಿಪಿಎಸ್ ಸಂಖ್ಯೆ, ಬಳಸಿದ ಪ್ರಿಸಂನ ಫ್ಯಾಕ್ಟರು, ಅಂದಿನ ಗೇಜಿನ ಮಟ್ಟ, ಎಣಿಕೆಗೆ ಸಿಕ್ಕ ಮರಗಳ ಜಾತಿ, ಎಲ್ಲವನ್ನೂ ಯೋಜನೆಗೇ ಅಂಟಿಸಿ, ಕಾಗದದಲ್ಲೂ ಒಂದು ಪ್ರತಿ ರೆಫ್ಯೂಜಿನ ಕಚೇರಿಯಲ್ಲಿಟ್ಟೆವು. ಮುಂದಿನ ಸುತ್ತು ಅಳೆಯುವವರು ಅದೇ ಬಿಂದುಗಳಿಗೇ ಹೋಗಬೇಕು.