ಹಳೇ ಕಂಪ್ಯೂಟರ್‌ನಲ್ಲಿ ಝೀಕ್: 900 ಮನೆಯ ನೆಟ್‌ನಲ್ಲಿ ಸ್ಕ್ಯಾನರ್ ಹಿಡಿದ ನನ್ನ ಅನುಭವ

ಹೋದ ವರ್ಷ ಅಡಿಕೆ ಕೊಯ್ಲಿನ ಹೊತ್ತಿಗೆ ನಮಗೆ ಲಿಂಕ್ ಕೊಡುವ ಕಂಪನಿಯಿಂದ ಮೂರನೇ ಮೇಲ್ ಬಂತು. ನಿಮ್ಮ ಐಪಿಯಿಂದ (ಇಂಟರ್ನೆಟ್ ವಿಳಾಸ) ಸ್ಕ್ಯಾನಿಂಗ್ ಹೋಗ್ತಿದೆ, ಅಂದರೆ ಯಾವುದೋ ಪೆಟ್ಟಿಗೆ ಸಿಕ್ಕಸಿಕ್ಕವರ ಕಂಪ್ಯೂಟರ್ ಬಾಗಿಲು ತಟ್ಟಿ ನೋಡ್ತಿದೆ, 48 ಗಂಟೆಯೊಳಗೆ ನಿಲ್ಲಿಸಿ, ಇಲ್ಲದಿದ್ದರೆ ಆ ಐಪಿ ಬಂದ್. ನನ್ನ ಹತ್ತಿರ ಇರೋದೇ 16 ಪಬ್ಲಿಕ್ ಐಪಿ. ತೀರ್ಥಹಳ್ಳಿ ಸುತ್ತಮುತ್ತ 900 ಚಿಲ್ಲರೆ ಮನೆಗೆ ನಾನು ನೆಟ್ ಕೊಡುತ್ತೇನೆ. ಒಂದು ಐಪಿ ಹಿಂದೆ ಹೆಚ್ಚುಕಮ್ಮಿ 60 ಮನೆ. ಒಂದು ಬ್ಲಾಕ್‌ಲಿಸ್ಟ್‌ಗೆ ಬಿದ್ದರೆ 60 ಮನೆಯವರಿಗೂ ಯಾವ ಸೈಟ್ ತೆಗೆದರೂ ಕ್ಯಾಪ್ಚಾ. ಎರಡು ತಿಂಗಳಲ್ಲಿ 30 ಗಿರಾಕಿಗಳು ಬಿಟ್ಟು ಹೋಗಿದ್ದರು. ತಿಂಗಳಿಗೆ ಸುಮಾರು 15,000 ರೂಪಾಯಿ ಹೋಯ್ತು.

ಸ್ಕ್ಯಾನಿಂಗ್ ಹೋಗುವ ಪೋರ್ಟ್ 23 (ಪೋರ್ಟ್ ಅಂದರೆ ನೆಟ್‌ನಲ್ಲಿ ಒಂದೊಂದು ಕೆಲಸಕ್ಕೆ ಇರುವ ನಂಬರಿನ ಬಾಗಿಲು) ಮುಚ್ಚಿದರೆ ಆಯ್ತಲ್ಲ ಅಂತೀರಿ. ಮೊದಲನೇ ಮೇಲ್ ಬಂದಾಗಲೇ ಮುಚ್ಚಿದ್ದೆ. ಎರಡನೇ ಮೇಲ್ 5555ಕ್ಕೆ ಬಂತು, ಅದನ್ನೂ ಮುಚ್ಚಿದೆ. ಮೂರನೆಯದು 8080. ಅದನ್ನು ಮುಚ್ಚಿದರೆ ಅರ್ಧ ಗಿರಾಕಿಗಳ ಫೋನ್ ನನಗೇ ಬರುತ್ತದೆ. ಮುಚ್ಚುತ್ತಾ ಹೋಗೋದಲ್ಲ, ಯಾವ ಮನೆಯ ಪೆಟ್ಟಿಗೆ ಅಂತ ಹುಡುಕಬೇಕಿತ್ತು.

ಬೆಂಗಳೂರಿನ ಒಬ್ಬರು ಇದಕ್ಕೆಂದೇ ಬರುವ ಬಾಕ್ಸ್‌ಗೆ ನಾಲ್ಕೂವರೆ ಲಕ್ಷ ಹೇಳಿದರು, ವರ್ಷಕ್ಕೆ ಲೈಸೆನ್ಸ್ ಬೇರೆ. ನಾನು ಝೀಕ್ ಹಾಕ್ತೀನಿ ಅಂದೆ. ನೆಟ್‌ನಲ್ಲಿ ಹೋಗಿಬರುವ ಟ್ರಾಫಿಕ್ ನೋಡಿ ಯಾರು ಯಾರನ್ನು ಸಂಪರ್ಕಿಸಿದರು ಅಂತ ಲಾಗ್ ಬರೆಯುವ ಸಾಫ್ಟ್‌ವೇರ್ ಅದು. ಶಿವಮೊಗ್ಗದಲ್ಲಿ ನಮ್ಮ ಕೆಲಸದವರೇ ನಾಲ್ಕು ಜನ ಟೀ ಕುಡಿಯುತ್ತಾ ಕೂತಿದ್ದೆವು. "ಅದು ಅಮೆರಿಕದ ಯೂನಿವರ್ಸಿಟಿಗಳಿಗೆ ಮಾಡಿದ್ದು ಮಾರಾಯ, ನಮ್ಮ ಕೇಬಲ್ ನೆಟ್ಟಿಗೆ ಎಂತಕ್ಕೆ?" ಅಂದರು. ಅವರಲ್ಲಿ ಇಬ್ಬರು ಈಗ ನನ್ನ ಹತ್ತಿರವೇ ಸ್ಕ್ರಿಪ್ಟ್ ಕೇಳ್ತಿದ್ದಾರೆ, ಅದಕ್ಕೇ ಇದನ್ನು ಬರೀತಿದ್ದೇನೆ.

ಯೂನಿವರ್ಸಿಟಿಯ ಮಾತು ಪೂರ್ತಿ ಸುಳ್ಳಲ್ಲ. ಝೀಕ್‌ನ ಹಳೇ ಹೆಸರು ಬ್ರೋ. ವರ್ನ್ ಪ್ಯಾಕ್ಸನ್ ಅನ್ನೋ ಸಂಶೋಧಕರು 1995ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಲ್ಯಾಬ್‌ನಲ್ಲಿ ಶುರು ಮಾಡಿದ್ದು. ಆಮೇಲೆ ಬರ್ಕ್ಲಿ ಊರಲ್ಲೇ ಇರುವ ಐಸಿಎಸ್‌ಐ ಸಂಸ್ಥೆಯಲ್ಲಿ ಬೆಳೆಯಿತು. 1988ರಲ್ಲಿ ಶುರುವಾದ, ಲಾಭಕ್ಕಾಗಿ ನಡೆಸದ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಅದು. ಹೆಸರು ಝೀಕ್ ಆಗಿದ್ದು 2018ರಲ್ಲಿ. ದುಡ್ಡು ಕೊಡಬೇಕಿಲ್ಲ. ಅಲ್ಲಿಯ ಜನ ವರ್ಷಗಟ್ಟಲೆ ಕೂತು ಮಾಡಿದ್ದನ್ನು ಹಾಗೇ ಬಿಟ್ಟುಕೊಟ್ಟಿದ್ದಾರೆ ಅನ್ನೋದನ್ನು ನೆನೆದರೆ ನನಗೆ ಈಗಲೂ ಕೃತಜ್ಞತೆ ಉಕ್ಕುತ್ತದೆ.

ಖರ್ಚಿನ ಲೆಕ್ಕ ಹೀಗೆ. ಸೆಕೆಂಡ್ ಹ್ಯಾಂಡ್ ಐ5 ಕಂಪ್ಯೂಟರ್, 16 ಜಿಬಿ ರ‍್ಯಾಮ್ ಸೇರಿಸಿ 14,000 ಚಿಲ್ಲರೆ. ಎರಡು ಪೋರ್ಟ್‌ನ ನೆಟ್‌ವರ್ಕ್ ಕಾರ್ಡ್ 4,000ದ ಆಸುಪಾಸು. ಎಸ್‌ಎಸ್‌ಡಿ ಎರಡು ಸಲ ತಗೊಂಡೆ, ಯಾಕಂದ್ರೆ ಮೊದಲನೆಯದು 120 ಜಿಬಿ ಇತ್ತು, ಒಂಬತ್ತೇ ದಿನಕ್ಕೆ ಲಾಗ್ ತುಂಬಿ ಮೆಷಿನ್ ನಿಂತಿತು. ಆಮೇಲೆ 10 ಜಿಯ (ಸೆಕೆಂಡಿಗೆ 10 ಗಿಗಾಬಿಟ್) ಹಳೇ ಕಾರ್ಡ್, ಕೇಬಲ್, ಯುಪಿಎಸ್ ಬ್ಯಾಟರಿ. ಎಲ್ಲಾ ಸೇರಿ 38,000 ದಾಟಿರಲಿಕ್ಕಿಲ್ಲ.

ಇನ್ನು ತಪ್ಪುಗಳು. ಮೊದಲು ರೂಟರ್‌ನ ಹೊರಗಿನ ಪೋರ್ಟ್‌ಗೆ ಮಿರರ್ ಹಾಕಿದೆ, ಅಂದರೆ ಅಲ್ಲಿ ಹೋಗಿಬರುವ ಟ್ರಾಫಿಕ್ಕಿನ ನಕಲನ್ನು ಝೀಕ್‌ಗೆ ಕಳಿಸಿದೆ. ನ್ಯಾಟ್ (ಹಲವು ಮನೆಗಳನ್ನು ಒಂದೇ ಪಬ್ಲಿಕ್ ಐಪಿ ಹಿಂದೆ ಸೇರಿಸೋದು) ಆದಮೇಲಿನ ಟ್ರಾಫಿಕ್ ಅದು. ಲಾಗ್ ತುಂಬಾ ನನ್ನ ಆ 16 ಐಪಿಗಳೇ. ಮನೆ ಯಾವುದು ಅಂತ ಗೊತ್ತಾಗುವ ಮಾತೇ ಇಲ್ಲ. ನಾಲ್ಕು ದಿನ ವ್ಯರ್ಥ.

ಒಳಗಿನ ಪೋರ್ಟ್‌ಗೆ ತಂದೆ. ಆಗ ಕ್ಯಾಪ್ಚರ್ ಲಾಸ್ ಲಾಗ್‌ನಲ್ಲಿ ರಾತ್ರಿ ಎಂಟರಿಂದ ಹತ್ತರವರೆಗೆ 20 ಪರ್ಸೆಂಟ್‌ಗಿಂತ ಜಾಸ್ತಿ ಪ್ಯಾಕೆಟ್ ಸೋರಿಕೆ. ಡೌನ್‌ಲೋಡ್, ಅಪ್‌ಲೋಡ್ ಎರಡನ್ನೂ ಒಂದೇ 1 ಜಿ ಮಿರರ್ ಪೋರ್ಟ್‌ಗೆ ತುರುಕಿದ್ದೆ. ಹೊರೆ ಕಮ್ಮಿ ಮಾಡೋಣ ಅಂತ ಗಿರಾಕಿಯಿಂದ ಹೊರಗೆ ಹೋಗುವ ದಿಕ್ಕನ್ನು ಮಾತ್ರ ಮಿರರ್ ಮಾಡಿದೆ. ಬೆಳಗ್ಗೆ ನೋಡಿದರೆ 900 ಮನೆಯೂ ಸ್ಕ್ಯಾನರ್! ಉತ್ತರದ ಪ್ಯಾಕೆಟ್ ಝೀಕ್‌ಗೆ ಕಾಣದಿದ್ದರೆ ಅದರ ಕಣ್ಣಿಗೆ ಎಲ್ಲಾ ಕನೆಕ್ಷನ್ನೂ ಸೋತದ್ದೇ, ಅಂದರೆ ಕರೆದರು, ಯಾರೂ ಓಗೊಡಲಿಲ್ಲ. 10 ಜಿ ಕಾರ್ಡ್ ತಂದದ್ದು ಆಮೇಲೆ.

ಅದಾದಮೇಲೂ ಅರ್ಧ ಲಾಗ್ ಖಾಲಿ ಖಾಲಿ. ಒಂದು ವಾರ ತಲೆ ಕೆಡಿಸಿಕೊಂಡೆ. ಕಾರ್ಡ್‌ನ ಆಫ್‌ಲೋಡ್ ಆನ್ ಇತ್ತು, ಝೀಕ್‌ಗೆ ಮುಟ್ಟುವ ಮೊದಲೇ ಪ್ಯಾಕೆಟ್‌ಗಳು ಒಟ್ಟುಗೂಡುತ್ತಿದ್ದವು. ಜಿಆರ್‌ಒ, ಎಲ್‌ಆರ್‌ಒ ಅನ್ನೋ ಅದರ ಎರಡು ಸೆಟ್ಟಿಂಗನ್ನೂ ಆಫ್ ಮಾಡಿ, ಚೆಕ್‌ಸಮ್ (ಪ್ಯಾಕೆಟ್ ಕೆಟ್ಟಿಲ್ಲ ಅಂತ ತಾಳೆ ನೋಡುವ ಅಂಕಿ) ನೋಡಬೇಡ ಅಂತ ಝೀಕ್‌ಗೆ ಹೇಳಿದ ಮೇಲೆ ಎಲ್ಲಾ ಸರಿಯಾಯ್ತು. ಚೆಕ್‌ಸಮ್ ತಪ್ಪು ಅಂತ ಕಂಡ ಪ್ಯಾಕೆಟ್ಟನ್ನು ಅದು ಪಕ್ಕಕ್ಕಿಟ್ಟುಬಿಡುತ್ತದೆ. ಹೊಸದಾಗಿ ಹಾಕುವವರು ಮೊದಲು ಇದನ್ನೇ ನೋಡಿ.

ಹಿಡಿಯುವ ಉಪಾಯ ನನ್ನದಲ್ಲ. 2004ರಲ್ಲಿ ಪ್ಯಾಕ್ಸನ್ ಮತ್ತು ಜೊತೆಯವರು ಬರೆದ ಒಂದು ಪೇಪರ್‌ನದ್ದು. ಗುರುತಿನವನು ಜನ ಇರುವ ಮನೆಯ ಬಾಗಿಲನ್ನೇ ತಟ್ಟುತ್ತಾನೆ. ಕಳ್ಳನಿಗೆ ಯಾವ ಮನೆಯಲ್ಲಿ ಯಾರಿದ್ದಾರೆ ಅಂತ ಗೊತ್ತಿಲ್ಲ, ಎಲ್ಲಾ ಬಾಗಿಲನ್ನೂ ತಟ್ಟುತ್ತಾನೆ. ಸೋತ ಕನೆಕ್ಷನ್ ಎಷ್ಟು, ಗೆದ್ದದ್ದು ಎಷ್ಟು ಅಂತ ಎಣಿಸಿದರೆ ನಾಲ್ಕೈದು ಪ್ರಯತ್ನದಲ್ಲೇ ಸ್ಕ್ಯಾನರ್ ಗೊತ್ತಾಗುತ್ತದೆ ಅಂತ ಅವರು ತೋರಿಸಿದ್ದರು. ವೈರಸ್ಸಿನ ಹೆಸರು ಗೊತ್ತಿರಬೇಕಿಲ್ಲ, ವೈರಸ್ ಗುರುತಿಸುವ ಪಟ್ಟಿ ಕೊಳ್ಳಬೇಕಿಲ್ಲ.

ಆದರೆ ನಮ್ಮ ನೆಟ್‌ನಲ್ಲಿ ಇದು ಹಾಗೇ ನಡೆಯಲಿಲ್ಲ. ಪಟ್ಟಿಯಲ್ಲಿ ಮೊದಲು ಬಂದ ಮನೆ ಮೇಗರವಳ್ಳಿ ಕಡೆಯ ಒಬ್ಬ ಗೌಡರದ್ದು. ಹೋಗಿ, "ಗೌಡ್ರೆ, ನಿಮ್ಮ ಮನೆಯಿಂದ ವೈರಸ್ ಹೋಗ್ತಿದೆ" ಅಂದೆ. ಅವರಿಗೆ ಬೇಜಾರಾಯ್ತು. ಅವರ ತಂಗಿಯ ಮಗ ಒಳಗಿಂದ ಬಂದು ಮೆಲ್ಲಗೆ, "ಅಣ್ಣಾ, ಅದು ಟೊರೆಂಟ್ ಇರಬೇಕು" ಅಂದ. ಹೌದು, ಟೊರೆಂಟೂ ಸತ್ತ ವಿಳಾಸಗಳನ್ನು ಸಾವಿರಗಟ್ಟಲೆ ತಟ್ಟುತ್ತದೆ. ಗೌಡರ ಹತ್ತಿರ ಕ್ಷಮೆ ಕೇಳಿ ಬಂದೆ. ಆವತ್ತೇ ಲೆಕ್ಕ ಬದಲಾಯಿಸಿದೆ. ಟೊರೆಂಟ್ ತಟ್ಟೋದು ನೂರೆಂಟು ಬೇರೆಬೇರೆ ಪೋರ್ಟ್, ಸ್ಕ್ಯಾನರ್ ತಟ್ಟೋದು ಒಂದೆರಡೇ ಪೋರ್ಟ್. ವಿಳಾಸ ಜಾಸ್ತಿ, ಪೋರ್ಟ್ ಕಮ್ಮಿ, ಸೋಲು ಜಾಸ್ತಿ. ಈ ಮೂರೂ ಸೇರಿದರೆ ಮಾತ್ರ ಪಟ್ಟಿಗೆ. ಎಷ್ಟು ನಿಮಿಷದ ಕಿಟಕಿ, ಎಷ್ಟಕ್ಕೆ ಗೆರೆ ಎಳೆದಿದ್ದೇನೆ ಅನ್ನೋದನ್ನು ಇಲ್ಲಿ ಬರೆಯೋದಿಲ್ಲ. ಆರು ವಾರ ನಿದ್ದೆಗೆಟ್ಟು ಹೊಂದಿಸಿದ್ದು ಅದು.

ಪಟ್ಟಿ ಸರಿಯಾಯ್ತು. 23 ಮನೆ ಸಿಕ್ಕಿದವು, ಹೆಚ್ಚಿನವು ಅಡಿಕೆ ಕಾಯೋಕೆ ಹಾಕಿದ ಕ್ಯಾಮೆರಾದ ಡಿವಿಆರ್, ಅಂದರೆ ರೆಕಾರ್ಡ್ ಮಾಡುವ ಪೆಟ್ಟಿಗೆ. ಒಬ್ಬರ ಮನೆಯಲ್ಲಿ ದೇವರ ಫೋಟೋ ಹಿಂದಿನ ಗೂಡಿನಲ್ಲಿ ಅದು ಕೂತಿತ್ತು. ಮೇಲೆ ಒಂದು ಪದರ ಅಡಿಕೆ ದೂಳು, ಪಕ್ಕದಲ್ಲಿ ಊದುಬತ್ತಿ ಕಟ್ಟು. ಪಾಸ್‌ವರ್ಡ್ 12345, ಅದನ್ನೂ ಡಿವಿಆರ್ ಮೇಲೆಯೇ ಸ್ಕೆಚ್ ಪೆನ್ನಿನಲ್ಲಿ ಬರೆದಿದ್ದರು. ಕ್ಯಾಮೆರಾ ಹಾಕಿದವರು ಓಎನ್‌ಯುನಲ್ಲಿ (ಮನೆಯಲ್ಲಿಡುವ ಫೈಬರ್ ಪೆಟ್ಟಿಗೆ) ಡಿಎಂಝಡ್, ಅಂದರೆ ಬಂದದ್ದನ್ನೆಲ್ಲಾ ನೇರ ಡಿವಿಆರ್‌ಗೇ ಬಿಡುವ ದಾರಿ, ತೆರೆದಿಟ್ಟೇ ಹೋಗಿದ್ದರು. ಎಲ್ಲಾ ಮನೆಗೂ ಹೋಗಿ ಪಾಸ್‌ವರ್ಡ್ ಬದಲಾಯಿಸೋದು ಒಂದೆರಡು ದಿನದ ಕೆಲಸವಲ್ಲ. ಸದ್ಯಕ್ಕೆ ಆಫ್ ಮಾಡಿ ಆನ್ ಮಾಡಿದರೆ ಸ್ವಚ್ಛ, ಯಾಕಂದ್ರೆ ಈ ಮಿರಾಯ್ (ಕ್ಯಾಮೆರಾ, ರೂಟರ್‌ಗಳಿಗೆ ಅಂಟುವ ವೈರಸ್) ಜಾತಿಯವು ಮೆಮೊರಿಯಲ್ಲಿ ಮಾತ್ರ ಇರುತ್ತವೆ. ಆದರೆ ಸ್ವಲ್ಪ ಹೊತ್ತಿಗೇ ಮತ್ತೆ ಅಂಟಿಕೊಳ್ಳುತ್ತಿತ್ತು.

ಎಲ್ಲಿಂದ? ಇವರೆಲ್ಲಾ ಸಿಜಿ ನ್ಯಾಟ್ (ನನ್ನ ರೂಟರ್‌ನಲ್ಲಿ ಆಗುವ ನ್ಯಾಟ್) ಹಿಂದೆ ಇರುವವರು, ಹೊರಗಿನಿಂದ ಯಾರೂ ಒಳಗೆ ಬರೋಕೆ ಆಗೋದಿಲ್ಲ. ಇದಕ್ಕೆ ಉತ್ತರ ಕೊಟ್ಟದ್ದು ಕರೆಂಟು. ಗಾಳಿಗೆ ಮರ ಬಿದ್ದು ಒಂದು ಫೀಡರ್ ಇಡೀ ಏಳು ಗಂಟೆ ಹೋಯ್ತು. ಆ ಕಡೆಯ ಡಿವಿಆರ್ ಎಲ್ಲಾ ಸತ್ತು ಸ್ವಚ್ಛವಾಗಿ ಎದ್ದವು. ನಾನು ಕಾನ್ ಲಾಗ್ (ಝೀಕ್ ಬರೆಯುವ ಕನೆಕ್ಷನ್‌ಗಳ ಪಟ್ಟಿ) ಮುಂದೆ ಕೂತೇ ಇದ್ದೆ. ಕರೆಂಟ್ ಬಂದು ಹನ್ನೊಂದೋ ಹನ್ನೆರಡೋ ನಿಮಿಷಕ್ಕೆ ಮೊದಲ ಡಿವಿಆರ್‌ಗೆ ಟೆಲ್ನೆಟ್ (ಪೋರ್ಟ್ 23ರಲ್ಲಿ ದೂರದಿಂದ ಲಾಗಿನ್ ಆಗುವ ದಾರಿ) ಬಂತು. ಬಂದದ್ದು 100.64ರ ವಿಳಾಸದಿಂದ, ಅಂದರೆ ನ್ಯಾಟ್ ಒಳಗೆ ಗಿರಾಕಿಗಳಿಗೆ ನಾನೇ ಕೊಡುವ ವಿಳಾಸ. ನನ್ನದೇ ಇನ್ನೊಬ್ಬ ಗಿರಾಕಿ! ಮೂಲ ಮಿರಾಯ್ ಕೋಡ್ ಈ ಖಾಸಗಿ ವಿಳಾಸಗಳನ್ನು ಬಿಟ್ಟು ಮುಂದೆ ಹೋಗುತ್ತದೆ. ಇದು ಬೇರೆ ತಳಿ, ಅಕ್ಕಪಕ್ಕದವರನ್ನೇ ಹುಡುಕುತ್ತಿತ್ತು. ನಾನು ಪೋರ್ಟ್ 23 ಮುಚ್ಚಿದ್ದು ಹೊರಗೆ ಹೋಗುವ ದಾರಿಗೆ ಮಾತ್ರ, ಗಿರಾಕಿಯಿಂದ ಗಿರಾಕಿಗೆ ತಿರುಗಿ ಹೋಗುವ ದಾರಿ ತೆರೆದೇ ಇತ್ತು.

ಆ ವಿಳಾಸ ಒಂದು ಅಡಿಕೆ ಮಂಡಿಯದ್ದು. ಅಲ್ಲಿ ದೊಡ್ಡ ಇನ್ವರ್ಟರ್ ಇದೆ, ಮಲೆನಾಡಿನಲ್ಲಿ ಎಷ್ಟೇ ಕರೆಂಟ್ ಹೋದರೂ ಅವರ ಡಿವಿಆರ್ ಮಾತ್ರ ಒಂದು ಸಲವೂ ಆಫ್ ಆಗಿರಲಿಲ್ಲ. ಮೊದಲು ಅವರಿಗೆ ಹೊರಗಿನಿಂದ ನೇರ ತಲುಪಬಹುದಾದ ಸ್ಟ್ಯಾಟಿಕ್ ಐಪಿ ಕೊಟ್ಟಿದ್ದೆ, ಆಮೇಲೆ ಬೇಡ ಅಂತ ಬಿಟ್ಟಿದ್ದರು. ಆಗಲೇ ಹೊಕ್ಕಿರಬೇಕು. ಉಳಿದ ಮನೆಗಳೆಲ್ಲಾ ಕರೆಂಟ್ ಹೋದಾಗ ವಾಸಿಯಾಗಿ, ಬಂದಾಗ ಇಲ್ಲಿಂದ ಮತ್ತೆ ಅಂಟಿಸಿಕೊಳ್ಳುತ್ತಿದ್ದವು. ಅದನ್ನು ರೀಸೆಟ್ ಮಾಡಿ, ಪಾಸ್‌ವರ್ಡ್ ಹಾಕಿ, ರೂಟರ್‌ನಲ್ಲಿ ಒಳದಾರಿಗೆ ಎರಡು ರೂಲ್ ಹಾಕಿದೆ. ಆಮೇಲೆ ಒಂದೂ ಮೇಲ್ ಬಂದಿಲ್ಲ. ಸುಮಾರು ಹತ್ತು ತಿಂಗಳಾಯ್ತು. ನಾಲ್ಕೂವರೆ ಲಕ್ಷದ ಬಾಕ್ಸ್ ಹಾಕಿದವರೂ ಇದನ್ನು ಇಷ್ಟು ಬೇಗ ಹಿಡಿಯುತ್ತಿರಲಿಲ್ಲ ಅನ್ನೋದು ನನ್ನ ನಂಬಿಕೆ.

ನಡುವೆ ಇನ್ನೊಂದು ಪ್ರಯೋಗವೂ ಆಯ್ತು. ಅದೇ ಐಸಿಎಸ್‌ಐನವರು 2009ರಿಂದ ನೆಟಲೈಝರ್ ಅನ್ನೋ, ನೆಟ್ ಕನೆಕ್ಷನ್ ಅಳೆಯುವ ಪರೀಕ್ಷೆ ನಡೆಸುತ್ತಿದ್ದರು. ಮನೆಯ ಕನೆಕ್ಷನ್‌ಗಳಲ್ಲಿ ಬಫರ್ (ಪ್ಯಾಕೆಟ್‌ಗಳು ಸರದಿಗೆ ಕಾಯುವ ಜಾಗ) ಅತಿಯಾಗಿ ದೊಡ್ಡದಿದೆ ಅಂತ ಅದರಲ್ಲಿ ಕಂಡಿದ್ದರು. ಅಲ್ಲೇ ಕೆಲಸ ಮಾಡಿದ ಸ್ಯಾಲಿ ಫ್ಲಾಯ್ಡ್ ಅದಕ್ಕೂ ಮುಂಚೆ, 1993ರಲ್ಲೇ, ವ್ಯಾನ್ ಜೇಕಬ್ಸನ್ ಜೊತೆ ಬರೆದಿದ್ದರು: ಕ್ಯೂ ತುಂಬುವವರೆಗೆ ಕಾಯಬೇಡಿ, ಮೊದಲೇ ಒಂದೊಂದು ಪ್ಯಾಕೆಟ್ ಬೀಳಿಸಿ. ಅದನ್ನು ಓದಿ ಅಪ್‌ಲೋಡ್ ಕ್ಯೂಗೆ ಎಫ್‌ಕ್ಯೂ ಕೋಡೆಲ್ ಅನ್ನೋ, ಕ್ಯೂ ಉದ್ದವಾಗದಂತೆ ನೋಡಿಕೊಳ್ಳುವ ವಿಧಾನ ಹಾಕಿ ನೋಡಿದೆ. ಕ್ಯಾಮೆರಾ ಅಪ್‌ಲೋಡ್ ಆಗುವಾಗ 600 ಮಿಲಿಸೆಕೆಂಡ್ ಆಗುತ್ತಿದ್ದ ಪಿಂಗ್ (ಉತ್ತರ ಬರೋಕೆ ಹಿಡಿಯುವ ಹೊತ್ತು) 40ರ ಹತ್ತಿರ ಬಂತು. ಮಕ್ಕಳ ಆನ್‌ಲೈನ್ ಕ್ಲಾಸ್ ಕಡಿಯುತ್ತೆ ಅಂತ ಬರುತ್ತಿದ್ದ ಫೋನ್ ನಿಂತಿತು. ಇದರಲ್ಲೂ ಒಂದು ಸೆಟ್ಟಿಂಗ್ ಇದೆ, ಮಳೆಗಾಲದಲ್ಲಿ ಬೇರೆ ಇಡಬೇಕು. ಶಿವಮೊಗ್ಗಕ್ಕೆ ಬಂದಾಗ ಸಿಕ್ಕರೆ ಹೇಳ್ತೀನಿ.

ಇನ್ನೊಂದು ಮಾತು. ಯಾರ ಮನೆಯವರು ಏನು ನೋಡ್ತಾರೆ ಅನ್ನೋದು ನನಗೆ ಬೇಡ. ಎಚ್‌ಟಿಟಿಪಿ ಲಾಗ್, ಫೈಲ್ ಲಾಗ್ ಪೂರ್ತಿ ಆಫ್. ಈ ಮೆಷಿನ್‌ನಲ್ಲಿ ಡಿಎನ್‌ಎಸ್ ಲಾಗ್ (ಯಾವ ಸೈಟಿನ ಹೆಸರು ಕೇಳಿದರು ಅನ್ನೋ ಪಟ್ಟಿ) ಮೂರು ದಿನಕ್ಕೆ ಅಳಿಯುತ್ತದೆ. ನಂಬಿ ಕನೆಕ್ಷನ್ ತಗೊಂಡವರು ಅವರು. ನೀವು ಹಾಕುವಾಗಲೂ ಇದನ್ನು ಮೊದಲ ದಿನವೇ ಮಾಡಿ.

ಈಗ ಉಳಿದಿರೋದು ಐಪಿವಿ6, ಅಂದರೆ ಹೊಸ ಬಗೆಯ ಐಪಿ ವಿಳಾಸ. ಅಲ್ಲಿ ವಿಳಾಸಗಳು ಲೆಕ್ಕಕ್ಕೇ ಸಿಗದಷ್ಟು, ಸುಮ್ನೆ ತಟ್ಟುತ್ತಾ ಹೋದರೆ ಯಾರೂ ಸಿಗೋದಿಲ್ಲ, ಹಾಗಾಗಿ ಸ್ಕ್ಯಾನ್ ಮಾಡುವ ರೀತಿಯೇ ಬೇರೆ. ನನ್ನ ಲೆಕ್ಕ ಅಲ್ಲಿ ನಡೆಯುತ್ತಾ ನೋಡಬೇಕು. ಆಗುಂಬೆ ಕಡೆಯ ಒಂದು ಓಎಲ್‌ಟಿಗೆ (ಮನೆಗಳ ಫೈಬರ್ ಬಂದು ಸೇರುವ ಪೆಟ್ಟಿಗೆ) ಮಾತ್ರ ಕೊಟ್ಟಿದ್ದೇನೆ, 70 ಮನೆ. ಲಾಗ್ ತುಂಬುತ್ತಾ ಇದೆ.