ಕಡಲ ಬದಿಯ ಮನೆಗೆ ಬೆಲೆ ಕಟ್ಟುವುದು ಹೇಗೆ?

ಕರಾವಳಿ ನಗರದ ಹೊರವಲಯದಲ್ಲಿ ಮನೆ ಹುಡುಕುವವರು ಮೊದಲು ಕೇಳುವುದು, "ಇಲ್ಲಿ ಚದರ ಅಡಿಗೆ ಎಷ್ಟು ನಡೆಯುತ್ತಿದೆ?" ಎಂದು. ತಡವರಿಸದೆ ಒಂದೇ ಅಂಕಿ ಹೇಳಿದವರಿಗೆ ಬಡಾವಣೆ ಗೊತ್ತಿಲ್ಲ, ಇಲ್ಲವೇ ಮಾರುವ ಅವಸರವಿದೆ. ಕಡಲಿನಿಂದ ಎರಡು ಬೀದಿ ಹಿಂದೆ ಸರಿದರೆ ಲೆಕ್ಕವೇ ಬೇರೆ.

ಮೊದಲು ಮಾರಿಹೋದ ಮನೆಗಳ ಬೆಲೆ ಕಲೆಹಾಕಿ. ಜಾಹೀರಾತಿನಲ್ಲಿರುವುದು ಮಾರುವವರ ಆಸೆ. ನೋಂದಣಿಯಾದ ಕ್ರಯಪತ್ರದಲ್ಲಿರುವುದು ವ್ಯವಹಾರ. ಕಳೆದ ಒಂದು ವರ್ಷದೊಳಗೆ ಅದೇ ಆಸುಪಾಸಿನಲ್ಲಿ ಕೈಬದಲಾದ ಐದಾರು ಮನೆಗಳು ಸಿಕ್ಕರೆ ಸಾಕು. ಬಂಧುಗಳೊಳಗಿನ ಮಾರಾಟ, ಸಾಲ ತೀರದೆ ಹರಾಜಾದ ಮನೆ ಇವನ್ನು ಬಿಟ್ಟುಬಿಡಿ. ತೆರಿಗೆ ಉಳಿಸಲು ಪತ್ರದಲ್ಲಿ ಬೆಲೆ ಇಳಿಸಿ ಬರೆಸುವ ಚಾಳಿ ಇರುವ ಕಡೆ ಪತ್ರವನ್ನೂ ಪೂರ್ತಿ ನಂಬಬೇಡಿ, ಇಬ್ಬರು ಮೂವರು ದಲ್ಲಾಳಿಗಳ ಮಾತಿನೊಂದಿಗೆ ತಾಳೆ ನೋಡಿ.

ಆಮೇಲೆ ಸರಾಸರಿ ತೆಗೆಯುವ ಆತುರ ಬೇಡ. ಐದು ಮನೆಗಳು 40, 42, 45, 48, 125 ಎಂಬ ಬೆಲೆಗೆ ಹೋದವು ಎನ್ನೋಣ. ಸರಾಸರಿ 60, ಆದರೆ ಆ ಬೆಲೆಯ ಆಸುಪಾಸಿಗೆ ಒಂದು ಮನೆಯೂ ಹೋಗಿಲ್ಲ. ಸಾಲಿನ ನಡುವಿನ 45, ಅಂದರೆ ಮಧ್ಯಾಂಕ, ಸತ್ಯಕ್ಕೆ ಹತ್ತಿರ. ಕಡಲಿಗೆ ಮುಖಮಾಡಿದ ಒಂದೇ ಬಂಗಲೆ ಇಡೀ ಬಡಾವಣೆಯ ಸರಾಸರಿಯನ್ನು ಹೀಗೆ ಎತ್ತಿಬಿಡುತ್ತದೆ. ಮಧ್ಯಾಂಕವೂ ಮೋಸ ಮಾಡುವುದುಂಟು: ಒಂದು ವರ್ಷ ದೊಡ್ಡ ಮನೆಗಳೇ ಹೆಚ್ಚು ಮಾರಾಟವಾದರೆ, ಯಾವ ಮನೆಯ ಬೆಲೆಯೂ ಏರದೆ ಮಧ್ಯಾಂಕ ಏರುತ್ತದೆ. ಅದಕ್ಕೇ ಅರ್ಥಶಾಸ್ತ್ರಜ್ಞರಾದ ಕಾರ್ಲ್ ಕೇಸ್ ಮತ್ತು ರಾಬರ್ಟ್ ಶಿಲ್ಲರ್ 1980ರ ದಶಕದಲ್ಲಿ ಒಂದೇ ಮನೆ ಎರಡು ಸಲ ಮಾರಾಟವಾದಾಗಿನ ಬೆಲೆಗಳನ್ನು ಹೋಲಿಸುವ ವಿಧಾನವನ್ನು ಬೆಳೆಸಿದರು. ನಿಮ್ಮ ಬೀದಿಯಲ್ಲೂ ಅಂಥದೊಂದು ಮನೆ ಹುಡುಕಿ. ನಡುವೆ ಮಹಡಿ ಏರಿಸಿಲ್ಲ ಎಂಬುದು ಮಾತ್ರ ಖಚಿತವಾಗಬೇಕು.

ಇನ್ನು ನೆಲ ಮತ್ತು ಕಟ್ಟಡದ ಲೆಕ್ಕವನ್ನು ಬೇರೆ ಮಾಡಿ. ಖಾಲಿ ನಿವೇಶನಕ್ಕೆ ಏನು ಬೆಲೆ ಬರುತ್ತದೋ ಅದು ನೆಲದ್ದು. ಅದೇ ಕಟ್ಟಡವನ್ನು ಇಂದು ಕಟ್ಟಲು ತಗಲುವ ವೆಚ್ಚದಲ್ಲಿ ಸವೆತ ಕಳೆದರೆ ಉಳಿಯುವುದು ಕಟ್ಟಡದ್ದು. ಹೆಚ್ಚಿನವರು ಎಡವುವುದು ಈ ಸವೆತದಲ್ಲೇ. ಕಾಂಕ್ರೀಟಿನ ಕ್ಷಾರಗುಣ ಒಳಗಿನ ಕಬ್ಬಿಣದ ಕಂಬಿಗೆ ತೆಳು ರಕ್ಷಾಕವಚ ಕೊಡುತ್ತದೆ. ಕಡಲ ಗಾಳಿಯ ಉಪ್ಪಿನಲ್ಲಿರುವ ಕ್ಲೋರೈಡ್ ನಿಧಾನವಾಗಿ ಒಳಗಿಳಿದು ಅದನ್ನು ಮುರಿಯುತ್ತದೆ. ಕಬ್ಬಿಣಕ್ಕಿಂತ ತುಕ್ಕು ಹಲವು ಪಟ್ಟು ಹೆಚ್ಚು ಜಾಗ ಬೇಡುವುದರಿಂದ ಕಾಂಕ್ರೀಟು ಒಳಗಿನಿಂದಲೇ ಸೀಳುತ್ತದೆ. ಬಾಲ್ಕನಿಯ ಅಡಿಭಾಗ, ಕಿಟಕಿಯ ಸಜ್ಜಾ, ಕಡಲ ಕಡೆಯ ಕಂಬಗಳನ್ನು ಹಗಲಲ್ಲಿ ನೋಡಿ. ಕಂಬಿಯ ಗುಂಟ ಕಂದು ಗೆರೆ, ಬೆರಳಿನಿಂದ ತಟ್ಟಿದರೆ ಟೊಳ್ಳು ಸದ್ದು, ಒಂದೇ ಕೋಣೆಗೆ ಹೊಸ ಬಣ್ಣ ಇವೆಲ್ಲ ಬೆಲೆ ಇಳಿಸುವ ಕಾರಣಗಳು. "ಸ್ವಲ್ಪ ಗಾರೆ ಮೆತ್ತಿದರೆ ಆಯಿತು" ಎಂಬ ಸಮಾಧಾನಕ್ಕೆ ಒಲಿಯಬೇಡಿ. ಸುತ್ತಲಿನ ಹಳೆಯ ಕಾಂಕ್ರೀಟಿನಲ್ಲಿ ಉಪ್ಪು ಹಾಗೇ ಉಳಿದಿರುವುದರಿಂದ ತೇಪೆಯ ಅಂಚಿನಲ್ಲೇ ತುಕ್ಕು ಮತ್ತೆ ಹಿಡಿಯುತ್ತದೆ. ಎಂಜಿನಿಯರ್ ಒಬ್ಬರಿಂದ ದುರಸ್ತಿಯ ಅಂದಾಜು ಬರೆಸಿಕೊಂಡು ಅಷ್ಟನ್ನೂ ಕಳೆಯಿರಿ.

ನಾಲ್ಕನೆಯದು ನೀರು. ಬಾವಿಯಿದ್ದರೆ ಬೇಸಿಗೆಯ ಕೊನೆಯಲ್ಲಿ ಅದರ ರುಚಿ ನೋಡಿ. ಮಳೆಗಾಲದಲ್ಲಿ ಎಲ್ಲ ಬಾವಿಯೂ ಸಿಹಿಯೇ. ಕಡಲಂಚಿನ ನೆಲದಡಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಸ್ಥೂಲ ಲೆಕ್ಕದಲ್ಲಿ, ಸಮುದ್ರಮಟ್ಟದಿಂದ ಮೇಲಿರುವ ಸಿಹಿನೀರು ಒಂದು ಅಡಿ ಇಳಿದರೆ ಕೆಳಗಿನ ಉಪ್ಪುನೀರು ಸುಮಾರು 40 ಅಡಿ ಮೇಲೇರುತ್ತದೆ. ಹುಣ್ಣಿಮೆ ಅಥವಾ ಅಮಾವಾಸ್ಯೆಯ ಉಬ್ಬರದ ಹೊತ್ತಿನಲ್ಲಿ ಬೀದಿಯ ಚರಂಡಿಯನ್ನೂ ನೋಡಿಬನ್ನಿ; ನೀರು ಹಿಮ್ಮುಖವಾಗಿ ಬರುತ್ತಿದ್ದರೆ ದಲ್ಲಾಳಿಯನ್ನು ಏನೂ ಕೇಳಬೇಕಾಗಿಲ್ಲ. 1901ರಿಂದ 2018ರವರೆಗೆ ಜಗತ್ತಿನ ಸರಾಸರಿ ಸಮುದ್ರಮಟ್ಟ ಸುಮಾರು 20 ಸೆಂಟಿಮೀಟರ್ ಏರಿದೆ, ಏರಿಕೆಯ ವೇಗವೂ ಹೆಚ್ಚಿದೆ. ಇಪ್ಪತ್ತು ಮೂವತ್ತು ವರ್ಷದ ಸಾಲ ಮಾಡುವವರು ಅದಕ್ಕೂ ಬೆಲೆ ಕಟ್ಟಬೇಕು. ವಿಮೆಯ ಕಂತು ಎಷ್ಟು, ಕಟ್ಟಡ ಬಿದ್ದರೆ ಅದೇ ಜಾಗದಲ್ಲಿ ಮತ್ತೆ ಕಟ್ಟಲು ಅನುಮತಿ ಸಿಗುತ್ತದೆಯೇ ಎಂಬುದನ್ನೂ ಕೇಳಿಕೊಳ್ಳಿ.

ಕೊನೆಗೆ ಬರುವುದು ಒಂದು ಅಂಕಿಯಲ್ಲ, ಒಂದು ಅಂತರ: ಇಷ್ಟರಿಂದ ಇಷ್ಟರವರೆಗೆ. ಮಾತುಕತೆಯನ್ನು ಕೆಳಗಿನ ತುದಿಯಿಂದ ಶುರುಮಾಡಿ. ಕಡಲ ನೋಟಕ್ಕೆಂದು ಹೆಚ್ಚು ಕೇಳಿದರೆ, ಎದುರಿನ ಖಾಲಿ ನಿವೇಶನ ಯಾರದು, ಅಲ್ಲಿ ಎಷ್ಟು ಅಂತಸ್ತಿಗೆ ಅನುಮತಿಯಿದೆ ಎಂದು ವಿಚಾರಿಸಿಕೊಂಡೇ ಉತ್ತರ ಕೊಡಿ.