ಮೊಡವೆ ಮಾತ್ರೆಯಿಂದ ತೊಂದರೆಯಾದರೆ: ಮೊದಲು ಆಸ್ಪತ್ರೆ, ಆಮೇಲೆ ದೂರು

ಹಟಮಾರಿ ಮೊಡವೆಗೆ ಚರ್ಮದ ಡಾಕ್ಟರು ಬರೆಯುವ ಐಸೊಟ್ರೆಟಿನೊಯಿನ್ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಪೂರ್ಣ ಡೋಸ್ ಅಂದರೆ ದಿನಕ್ಕೆ ದೇಹತೂಕದ ಕಿಲೋಗೆ 0.5ರಿಂದ 1 ಮಿ.ಗ್ರಾಂ, 60 ಕಿಲೋ ತೂಗುವವರಿಗೆ 30ರಿಂದ 60 ಮಿ.ಗ್ರಾಂ. ತುಟಿ ಒಡೆಯುವುದು ಹೆಚ್ಚುಕಡಿಮೆ ಎಲ್ಲರಿಗೂ ಆಗುತ್ತದೆ, ಅದಕ್ಕೆ ಗಾಬರಿ ಬೇಡ.

ಗಾಬರಿಯಾಗಬೇಕಾದದ್ದು ಬೇರೆ. ವಾಂತಿಯೊಂದಿಗೆ ಬಿಡದ ತಲೆನೋವು, ಕಣ್ಣು ಮಂಜಾಗುವುದು: ತಲೆಬುರುಡೆಯೊಳಗೆ ಒತ್ತಡ ಏರಿರಬಹುದು. ಐಸೊಟ್ರೆಟಿನೊಯಿನ್ ಜೊತೆಗೆ ಡಾಕ್ಸಿಸೈಕ್ಲಿನ್ ಅಥವಾ ಮಿನೊಸೈಕ್ಲಿನ್ ಎಂಬ ಆಂಟಿಬಯಾಟಿಕ್ ನುಂಗಿದ್ದರೆ ಆ ಅಪಾಯ ಹೆಚ್ಚು, ಎರಡೂ ಮೊಡವೆಗೇ ಕೊಡುವ ಮಾತ್ರೆಗಳಾದ್ದರಿಂದ ಬೆರಕೆಯಾಗುವುದು ಸುಲಭ. ಬೆನ್ನಿಗೆ ಹರಿಯುವ ಹೊಟ್ಟೆನೋವಿದ್ದರೆ ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬು ಏರಿ ಮೇದೋಜೀರಕ ಗ್ರಂಥಿ ಉರಿಯುತ್ತಿರಬಹುದು. ಇವುಗಳಲ್ಲಿ ಯಾವುದಾದರೂ ಕಂಡರೆ, ಕಣ್ಣು ಹಳದಿಯಾದರೆ, ಭೇದಿಯಲ್ಲಿ ರಕ್ತ ಕಂಡರೆ, ಮೈಮೇಲೆ ಗುಳ್ಳೆಯೆದ್ದು ಚರ್ಮ ಸುಲಿದರೆ ಮಾತ್ರೆ ನಿಲ್ಲಿಸಿ ಅದೇ ದಿನ ತೋರಿಸಿ. ಸಾಯಬೇಕೆನ್ನುವ ಯೋಚನೆ ಬಂದರೆ ಮಾತ್ರೆ ನಿಲ್ಲಿಸಿ, ಮನೆಯವರಿಗೆ ಹೇಳಿ. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಿಗುತ್ತದೆ.

ಎಲ್ಲಕ್ಕಿಂತ ಗಂಭೀರ ಸಂಗತಿ ಬಸಿರು. ಹೊಟ್ಟೆಯಲ್ಲಿರುವ ಮಗುವಿನ ಕಿವಿ, ಮುಖ, ಹೃದಯ, ಮಿದುಳು ಕೆಡಬಹುದು. ಆದ್ದರಿಂದ ಮಾತ್ರೆ ಶುರುವಾಗುವ ಒಂದು ತಿಂಗಳು ಮೊದಲಿಂದ ನಿಲ್ಲಿಸಿದ ಒಂದು ತಿಂಗಳವರೆಗೆ ಗರ್ಭನಿರೋಧ ಕಡ್ಡಾಯ. ಮಾತ್ರೆ ನುಂಗುವಷ್ಟು ದಿನವೂ ಆ ಕೊನೆಯ ತಿಂಗಳೂ ಯಾರೂ ರಕ್ತದಾನ ಮಾಡಬಾರದು, ಗಂಡಸರೂ ಕೂಡ. ಮುಟ್ಟು ತಪ್ಪಿದರೆ ಮಾತ್ರೆ ನಿಲ್ಲಿಸಿ ತಕ್ಷಣ ಸ್ತ್ರೀರೋಗ ತಜ್ಞರ ಬಳಿ ಹೋಗಿ. ಹಾಸ್ಟೆಲ್, ಪಿಜಿಗಳಲ್ಲಿ ಒಬ್ಬರ ಸ್ಟ್ರಿಪ್ ಇನ್ನೊಬ್ಬರಿಗೆ ದಾಟಿಸಬಾರದೆನ್ನುವುದು ಮುಖ್ಯವಾಗಿ ಇದಕ್ಕೇ.

ಈಗ ಕಾನೂನು. ಅಡ್ಡಪರಿಣಾಮವಾಯಿತು ಎಂದ ಮಾತ್ರಕ್ಕೆ ಡಾಕ್ಟರ ತಪ್ಪಾಗುವುದಿಲ್ಲ. ಬಸಿರಿನ ಬಗ್ಗೆ ಕೇಳಿದರೇ? ಲಿವರ್, ಕೊಬ್ಬಿನ ರಕ್ತಪರೀಕ್ಷೆ ಬರೆದರೇ? ಎಚ್ಚರಿಕೆ ಹೇಳಿದರೇ? ಪ್ರಕರಣ ನಿಲ್ಲುವುದು ಈ ಪ್ರಶ್ನೆಗಳ ಮೇಲೆ. ತಯಾರಕರನ್ನು ಹಿಡಿಯುವುದು ಕಷ್ಟ: ತಜ್ಞರ ಮೇಲ್ವಿಚಾರಣೆಯಲ್ಲಿ ಬಳಸುವ ವಸ್ತುವಿಗೆ ಆ ತಜ್ಞರಿಗೇ ಎಚ್ಚರಿಕೆ ತಲುಪಿಸಿದ್ದರೆ ಸಾಕು ಎನ್ನುತ್ತದೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಅಮೆರಿಕದಲ್ಲಿ ಈ ಮಾತ್ರೆಯಿಂದ ತೊಂದರೆಯಾದವರಿಗೆ ಪರಿಹಾರ ಸಿಕ್ಕಿತೆಂಬ ಕಥೆಗಳನ್ನು ನೆಚ್ಚಿ ಕೂರಬೇಡಿ. ಕರುಳಿನ ಉರಿಯೂತಕ್ಕೆ ಈ ಔಷಧವೇ ಕಾರಣವೆಂದ ಸಾಕ್ಷಿಗಳನ್ನು ನ್ಯೂಜೆರ್ಸಿಯ ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಲಿಲ್ಲ.

ಮೊದಲ ಕೆಲಸ ಕಾಗದ ಕೂಡಿಡುವುದು. ಬ್ಯಾಚ್ ನಂಬರ್ ಕಾಣುವಂತೆ ಸ್ಟ್ರಿಪ್‌ನ ಫೋಟೊ, ಮೆಡಿಕಲ್ ಬಿಲ್ಲು, ಡಾಕ್ಟರ ಚೀಟಿಯ ಎರಡೂ ಬದಿ, ಲ್ಯಾಬ್ ವರದಿ. ಖಾಲಿ ಸ್ಟ್ರಿಪ್ಪನ್ನೂ ಎಸೆಯಬೇಡಿ. ಕ್ಲಿನಿಕ್ಕಿಗೆ ಲಿಖಿತವಾಗಿ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಅರ್ಜಿಯ ಪ್ರತಿಗೆ ತಾರೀಖು ಹಾಕಿಸಿ ಸೀಲು ಒತ್ತಿಸಿಕೊಳ್ಳಿ. ಚೀಟಿಯಿಲ್ಲದೆ ಅಂಗಡಿಯಿಂದ ತಂದಿದ್ದರೆ ಅಂಗಡಿಯವನ ಮೇಲೆ ಔಷಧ ಇಲಾಖೆಗೆ ದೂರು ಕೊಡಬಹುದು, ಆದರೆ ನಿಮ್ಮ ಪರಿಹಾರದ ಕೇಸು ಸೊರಗುತ್ತದೆ.

ನಂತರ ಸರ್ಕಾರದ ಔಷಧ ಸುರಕ್ಷತಾ ಸಹಾಯವಾಣಿಗೆ ಅಡ್ಡಪರಿಣಾಮ ವರದಿ ಮಾಡಿ: 1800-180-3024, ಉಚಿತ. ಮುಂಬೈಯ ಕೆಇಎಂ ಆಸ್ಪತ್ರೆ, ಗೋವಾದ ಬಾಂಬೋಳಿಯಲ್ಲಿರುವ ಗೋವಾ ಮೆಡಿಕಲ್ ಕಾಲೇಜಿನಂಥ ಕಡೆ ಇದನ್ನು ದಾಖಲಿಸುವ ಕೇಂದ್ರಗಳಿವೆ. ಪರಿಹಾರ ಇದರಿಂದ ಸಿಗದು, ಆದರೂ ತಾರೀಖಿನ ದಾಖಲೆ ಉಳಿಯುತ್ತದೆ.

ಗ್ರಾಹಕ ಆಯೋಗಕ್ಕೆ ಹೋಗಲು ತೊಂದರೆಯಾದ ದಿನದಿಂದ 2 ವರ್ಷ ಅವಕಾಶ. ಮೊದಲು ನೋಟಿಸ್ ಕೊಟ್ಟು 15ರಿಂದ 30 ದಿನ ಕಾಯುವುದು ವಾಡಿಕೆ. ನೀವು ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಆದರೆ ಇನ್ನೊಬ್ಬ ಚರ್ಮತಜ್ಞರ ಲಿಖಿತ ಅಭಿಪ್ರಾಯವಿಲ್ಲದೆ ಹೋದರೆ ಕೇಸು ಗೆಲ್ಲುವುದು ಕಷ್ಟ. ಎಲ್ಲರಿಗೂ ಪೂರ್ತಿ ಉಚಿತವಾಗಿ ಚಿಕಿತ್ಸೆ ಕೊಡುವ ಸರ್ಕಾರಿ ಆಸ್ಪತ್ರೆಯ ವಿರುದ್ಧ ಈ ದಾರಿ ಮುಚ್ಚಿದೆ. ಆಗ ಸಿವಿಲ್ ದಾವೆ ಅಥವಾ ರಾಜ್ಯದ ವೈದ್ಯಕೀಯ ಪರಿಷತ್ತು.

ದೂರನ್ನು ನೀವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೇ ಹಾಕಬಹುದು. ಪುಣೆಯಲ್ಲಿ ಔಷಧಿ ತೆಗೆದುಕೊಂಡು ಈಗ ಹುಬ್ಬಳ್ಳಿಗೆ ಮರಳಿದ್ದರೆ ಧಾರವಾಡದ ಆಯೋಗ ಸಾಕು. ಅಲ್ಲಿ ಮರಾಠಿ ಕಾಗದಗಳಿಗೆ ಅನುವಾದ ಲಗತ್ತಿಸಿ.